ಹತ್ತು ಜನರ ಮಾತಿಗೊಂದು ಕಟ್ಟೆ

(ಬೂದಿಕೋಟೆಯ ‘ನಮ್ಮ ಧ್ವನಿ’ಯಿಂದ ಬೆಳೆಗಾರರಿಗೆ ಕೆಲವು ಪಾಠಗಳು)

ಬೆಳೆಗಾರರು ನಾಲ್ಕು ಜನ ಸೇರಿದ ಕಡೆ ಮಾತಿಗೆ ಬರವಿಲ್ಲ. ಸಂಘದ ಕಛೇರಿಗೆ ಅಡಿಕೆ ತೂಗಿಸಲು ಬಂದವರು, ಗೊಬ್ಬರ ಒಯ್ಯಲು ಬಂದವರು, ಸಾಲದ ಕಂತು ಕಟ್ಟಲು ಬಂದವರು ಅರ್ಧ ಗಂಟೆ ಜಗಲಿಯಲ್ಲಿ ಕುಳಿತರೆ ಸಾಕು. ಧಾರಣೆ, ಮಳೆ, ಆಳಿನ ಅಭಾವ, ಅಡಿಕೆಯ ಕೊಳೆ, ಕಾಫಿಯ ಕಾಂಡಕೊರಕ ಎಲ್ಲವೂ ಬಂದು ಹೋಗುತ್ತವೆ. ಆದರೆ ಈ ಮಾತಿನಲ್ಲಿ ಎಷ್ಟು ಪಾಲು ಮರುದಿನ ತೋಟದ ಕೆಲಸಕ್ಕೆ ಒದಗುತ್ತದೆ ಎಂದು ಕೇಳಿದರೆ ಉತ್ತರ ಸುಲಭವಲ್ಲ.

ಮಳೆಗಾಲದಲ್ಲಿ ಅಡಿಕೆಯ ಎಲೆಚುಕ್ಕಿ ಕಂಡವನಿಗೆ ಹತ್ತು ಜನ ಹತ್ತು ಔಷಧಿ ಹೇಳುತ್ತಾರೆ. ದೊಡ್ಡ ತೋಟದವರು ಎರಡು ಮೂರನ್ನು ಪರೀಕ್ಷಿಸಿ ನೋಡಿಯಾರು. ಒಂದೆಕರೆ ಎರಡೆಕರೆಯವನಿಗೆ ಆ ಅನುಕೂಲವಿಲ್ಲ. ಆತ ಒಂದನ್ನು ನಂಬಿ ಸಾಲ ಮಾಡಿ ಹೊಡೆಯುತ್ತಾನೆ, ತಪ್ಪಿದರೆ ವರ್ಷದ ಫಸಲು ಹೋಯಿತು. ‘ಧಾರಣೆ ಮುಂದಿನ ವಾರ ಬೀಳುತ್ತದಂತೆ’ ಎಂಬ ಒಂದು ‘ಅಂತೆ’ಗೆ ಹೆದರಿ ಮೊದಲು ಮಾಲು ಮಾರುವವನೂ ಇವನೇ. ಈಗ ಎಲ್ಲರ ಕೈಯಲ್ಲಿ ಮೊಬೈಲು ಬಂದಿರುವುದರಿಂದ ಅಂತೆಕಂತೆಗಳು ಹಿಂದಿಗಿಂತ ಬೇಗ ಓಡುತ್ತಿವೆಯೇ ಹೊರತು ಕಡಿಮೆಯಾಗಿಲ್ಲ.

ಆದ್ದರಿಂದ ನಮ್ಮ ಪತ್ರಿಕೆಯ ‘ಸದಸ್ಯರ ಪುಟ’ವನ್ನು ಹೇಗೆ ನಡೆಸಬೇಕೆಂಬುದು ಬರಿಯ ಪುಟ ತುಂಬಿಸುವ ಪ್ರಶ್ನೆಯಲ್ಲ. ಸದಸ್ಯರು ತಮ್ಮ ಅನುಭವವನ್ನು ಪರಸ್ಪರ ಹಂಚಿಕೊಳ್ಳಲು ಒಂದು ಕಟ್ಟೆ ಬೇಕು. ಆ ಕಟ್ಟೆಯ ಮೇಲೆ ಆಡಿದ ಮಾತನ್ನು ನಂಬಬಹುದು ಎನ್ನುವಂತಿರಬೇಕು. ಇದು ಎಷ್ಟು ಕಷ್ಟದ ಕೆಲಸ, ಆದರೂ ಹೇಗೆ ಸಾಧ್ಯ ಎಂಬುದಕ್ಕೆ ಉದಾಹರಣೆಗಳನ್ನು ಹುಡುಕುವಾಗ ನಮಗೆ ಮೊದಲು ಸಿಕ್ಕಿದ್ದು ಕಾಫಿ ಅಡಿಕೆಗಳ ನಾಡಲ್ಲದ, ಕೋಲಾರದ ಬಯಲಿನ ಒಂದು ಹಳ್ಳಿ.

ಬಯಲುಸೀಮೆಯ ಒಂದು ಪ್ರಯೋಗ

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರ್ ಅಲಿಯ ಹುಟ್ಟೂರೆಂದು ಪ್ರಸಿದ್ಧ. ರಾಗಿ, ತರಕಾರಿ, ಮಾವು, ಹಿಪ್ಪುನೇರಳೆಗಳ ಸೀಮೆ. ಕೆರೆ ತುಂಬಿದರೆ ಸುಭಿಕ್ಷ, ಇಲ್ಲವಾದರೆ ಬರ. ಸಮೀಪದ ಕೋಲಾರ ಚಿನ್ನದ ಗಣಿಗಳು 2001ರ ಫೆಬ್ರವರಿ ಕೊನೆಗೆ ಮುಚ್ಚಿದವು. ಅದೇ ವರ್ಷ ಬೂದಿಕೋಟೆಯಲ್ಲಿ ಒಂದು ಸಣ್ಣ ಧ್ವನಿಮುದ್ರಣ ಕೇಂದ್ರ ಆರಂಭವಾಯಿತು. ಗ್ರಾಮೀಣ ಸ್ವಸಹಾಯ ಸಂಘಗಳನ್ನು ಕಟ್ಟಿದ ಮೈರಾಡ ಸಂಸ್ಥೆ, ಬೆಂಗಳೂರಿನ ವಾಯ್ಸಸ್ ಸಂಸ್ಥೆ ಇವೆರಡೂ ಕೂಡಿ, ಯುನೆಸ್ಕೋ ನೆರವು ಪಡೆದು ನಡೆಸಿದ ಪ್ರಯೋಗ ಅದು. ಹೆಸರು ‘ನಮ್ಮ ಧ್ವನಿ’. ಊರಿನ ಜನರೇ ಮಾತನಾಡಬೇಕು, ಊರಿನ ಜನರೇ ಅದನ್ನು ಮುದ್ರಿಸಬೇಕು, ಏನು ಬಿತ್ತರಿಸಬೇಕೆಂದು ಸಂಘದ ಹೆಂಗಸರೇ ಕೂತು ತೀರ್ಮಾನಿಸಬೇಕು ಎಂಬುದು ಉದ್ದೇಶ.

ಇದು ಹೇಳುವಷ್ಟು ಸಲೀಸಾಗಿರಲಿಲ್ಲ. ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲಿಯೇ ತೀರ್ಪಿತ್ತಿದ್ದರೂ ಹಳ್ಳಿಯ ಸಂಘವೊಂದು ರೇಡಿಯೋ ಕೇಂದ್ರ ತೆರೆಯಲು ಆಗ ಪರವಾನಗಿ ದೊರೆಯುತ್ತಿರಲಿಲ್ಲ. 1996ರಲ್ಲಿ ಬೆಂಗಳೂರಿನಲ್ಲಿ ಸೇರಿದ ಸಭೆಯೊಂದು ಸಮುದಾಯ ರೇಡಿಯೋ ಬೇಕೆಂದು ಘೋಷಣೆ ಹೊರಡಿಸಿತು. 2002ರ ಕೊನೆಗೆ ಸರಕಾರ ವಿದ್ಯಾಸಂಸ್ಥೆಗಳಿಗೆ ಮಾತ್ರ ಅವಕಾಶ ಕೊಟ್ಟಿತು. ಸ್ವಯಂಸೇವಾ ಸಂಸ್ಥೆಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ ಬಾಗಿಲು ತೆರೆದದ್ದು 2006ರ ನವೆಂಬರಿನಲ್ಲಿ. ಅಲ್ಲಿಯ ತನಕ ಕೈಕಟ್ಟಿ ಕುಳಿತಿರಲು ಬೂದಿಕೋಟೆಯವರಿಗೆ ಮನಸ್ಸಿರಲಿಲ್ಲ. ಅವರು ಹಿಡಿದ ದಾರಿ, ಮತ್ತು ಆ ದಾರಿಯಲ್ಲಿ ಇಂಥ ಯಾವ ಕೆಲಸಕ್ಕೂ ಎದುರಾಗುವ ತೊಡಕುಗಳು, ನಮಗೆ ಪಾಠವಾಗುವಂಥವು.

ಮಾತು ಮುಟ್ಟಬೇಕಾದವರಿಗೆ ಮುಟ್ಟಬೇಕು

ಮೊದಲು ಅವರು ಮುದ್ರಿಸಿದ ಕ್ಯಾಸೆಟ್ಟುಗಳನ್ನು ಸಂಘದ ಸಭೆಗಳಲ್ಲಿ ಹಾಕಿ ಕೇಳಿಸಿದರು, ಧ್ವನಿವರ್ಧಕದ ಮೂಲಕ ಜನ ಸೇರುವ ಕಡೆ ಬಿತ್ತರಿಸಿದರು. ಬಳಿಕ 2003ರಲ್ಲಿ ಊರಿನ ಟಿ.ವಿ. ಕೇಬಲ್ ತಂತಿಯಲ್ಲಿಯೇ ಧ್ವನಿಯನ್ನು ಕಳಿಸಿದರು. ಗಾಳಿಯಲ್ಲಿ ಹೋಗಲು ಅಪ್ಪಣೆಯಿಲ್ಲದ ಮಾತು ತಂತಿಯಲ್ಲಿ ಹೋಯಿತು! ಉಪಾಯ ಮೆಚ್ಚತಕ್ಕದ್ದೇ. ಆದರೆ ತಂತಿ ಮುಟ್ಟುವುದು ಟಿ.ವಿ. ಇರುವ ಮನೆಯನ್ನು. ಕೂಲಿಯವನ ಗುಡಿಸಲಿಗೆ ತಂತಿಯಿಲ್ಲ. ಕೇಬಲ್ ಬಂದರೂ ಧ್ವನಿವರ್ಧಕದ ಕೆಲಸ ಮುಗಿಯಲಿಲ್ಲವೆಂಬುದು ಇದರಿಂದ ಸ್ಪಷ್ಟ.

ನಮ್ಮ ಪತ್ರಿಕೆಗೂ ಇದೇ ಮಾತು ಅನ್ವಯಿಸುತ್ತದೆ. ಅಚ್ಚಾದ ಹಾಳೆ ಓದುವವರಿಗೆ ಮುಟ್ಟುತ್ತದೆ, ಮೊಬೈಲಿನ ಸಂದೇಶ ಸಿಗ್ನಲ್ ಇರುವವರಿಗೆ ಮುಟ್ಟುತ್ತದೆ. ಗುಡ್ಡದ ಆಚೆಯ ಹಳ್ಳಿಯಲ್ಲಿ ವಯಸ್ಸಾದ ದಂಪತಿಗಳಿಬ್ಬರೇ ಇರುವ ತೋಟಕ್ಕೆ ಎರಡೂ ಮುಟ್ಟದಿರಬಹುದು. ಒಂದೇ ದಾರಿಯನ್ನು ನಂಬಿದರೆ ಯಾರಿಗೆ ಹೆಚ್ಚು ಅಗತ್ಯವೋ ಅವರೇ ಹೊರಗೆ ಉಳಿಯುತ್ತಾರೆ. ಆದ್ದರಿಂದ ತೂಕದ ಕಟ್ಟೆಯ ಬಳಿಯ ಹಲಗೆ, ಹಾಲಿನ ಡೈರಿಯ ಗೋಡೆ, ಸಂಘದ ಸಭೆಯಲ್ಲಿ ಓದಿ ಹೇಳುವ ಪದ್ಧತಿ ಇವನ್ನು ಹಳೆಯದೆಂದು ತಳ್ಳಿಹಾಕಬಾರದು.

ಯಾರ ಬಾಯಿ, ಯಾರ ಕಿವಿ?

ಎರಡನೆಯ ತೊಡಕು ಇದಕ್ಕಿಂತ ಹಿರಿದು. ಎಲ್ಲರಿಗೂ ಎಂದು ತೆರೆದ ಕಟ್ಟೆಯ ಮೇಲೆ ಕೊನೆಗೆ ಕುಳಿತಿರುವವರು ನಾಲ್ಕೇ ಜನ. ಮಾತಿನ ಚಾತುರ್ಯವಿದ್ದವರು, ಬಿಡುವಿದ್ದವರು, ಹಿಡುವಳಿ ದೊಡ್ಡದಿದ್ದವರು ಮತ್ತೆಮತ್ತೆ ಮಾತನಾಡುತ್ತಾರೆ. ಉಳಿದವರು ಕೇಳುತ್ತಾರೆ, ಕೆಲವು ಕಾಲದ ಮೇಲೆ ಕೇಳುವುದನ್ನೂ ಬಿಡುತ್ತಾರೆ.

ಬೂದಿಕೋಟೆಯಲ್ಲಿ ಸಂಘದ ಹೆಂಗಸರಿಗೆ ಕೇಂದ್ರದ ಆಡಳಿತದಲ್ಲಿಯೇ ಸ್ಥಾನ ಕೊಟ್ಟದ್ದರಿಂದ ಈ ತೊಡಕಿಗೆ ಸ್ವಲ್ಪಮಟ್ಟಿಗೆ ಪರಿಹಾರ ಸಿಕ್ಕಿತು. ಬರೆಯಲು ಓದಲು ಬಾರದಿದ್ದರೂ ಮಾತನಾಡಲು ಬರುತ್ತದೆಂಬುದೇ ಅಲ್ಲಿಯ ಬಂಡವಾಳ. ಮತ್ತೊಂದು ವಿಷಯ ಭಾಷೆಯದು. ಆ ತಾಲ್ಲೂಕಿನಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ನಮ್ಮ ಕಡೆ ತುಳು, ಕೊಡವ, ಕೊಂಕಣಿ, ಬ್ಯಾರಿ, ಹವ್ಯಕ, ಅರೆಭಾಷೆಗಳು. ಪುಸ್ತಕದ ಕನ್ನಡದಲ್ಲಿ ಬರೆಯಲು ಅಂಜುವ ಸದಸ್ಯ ಮನೆಮಾತಿನಲ್ಲಿ ಕೇಳಿದರೆ ನಲವತ್ತು ವರ್ಷದ ಅನುಭವವನ್ನು ಬಿಚ್ಚಿಡುತ್ತಾನೆ. ಸಿಪ್ಪೆಗೋಟು ಸುಲಿಯುವ, ಕಾಫಿ ಹಣ್ಣು ಆಯುವ ಹೆಂಗಸರಿಗೆ ಗೊತ್ತಿರುವ ಸಂಗತಿ ಯಜಮಾನರಿಗೆ ಗೊತ್ತಿರುವುದಿಲ್ಲ. ಇವರ ಮಾತು ತಾನಾಗಿ ಬರುತ್ತದೆಂದು ಕಾಯುವುದಲ್ಲ, ಹೋಗಿ ಕೇಳಿ ಬರೆದುಕೊಳ್ಳಬೇಕು.

ಹೇಳಿದ್ದು ನಿಜವೇ?

ಬೂದಿಕೋಟೆಯ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಒಮ್ಮೆ ಊರಿಗೆ ನೀರು ತರುವ ಕೊಳವೆ ಒಡೆದು, ದುರಸ್ತಿಯಾಗದೆ ಹೆಂಗಸರು ದೂರದಿಂದ ನೀರು ಹೊರುವಂತಾಯಿತು. ‘ನಮ್ಮ ಧ್ವನಿ’ಯವರು ಆ ಹೆಂಗಸರ ಅಹವಾಲನ್ನು ಮುದ್ರಿಸಿಕೊಂಡರು. ಅಷ್ಟಕ್ಕೇ ನಿಲ್ಲದೆ ಅಧಿಕಾರಿಗಳ ಬಳಿಗೂ ಹೋಗಿ ಅವರ ಭರವಸೆಯನ್ನೂ ಮುದ್ರಿಸಿ ಬಿತ್ತರಿಸಿದರು. ಕೆಲವೇ ದಿನಗಳಲ್ಲಿ ಕೊಳವೆ ಸರಿಯಾಯಿತು. ಬರಿಯ ದೂರು ಬಿತ್ತರವಾಗಿದ್ದರೆ ಜಗಳವಾಗುತ್ತಿತ್ತು, ಬರಿಯ ಭರವಸೆಯಾಗಿದ್ದರೆ ಪ್ರಚಾರವಾಗುತ್ತಿತ್ತು. ಎರಡನ್ನೂ ಊರು ಒಟ್ಟಿಗೆ ಕೇಳಿದ್ದರಿಂದ ಕೆಲಸವಾಯಿತು.

ತೋಟದ ವಿಷಯದಲ್ಲಿ ಸತ್ಯಾಸತ್ಯದ ಪರೀಕ್ಷೆ ಇನ್ನೂ ಅಗತ್ಯ. ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣವನ್ನೇ ನೋಡೋಣ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು. ಇದು ಎಲ್ಲರಿಗೂ ತಿಳಿದದ್ದು. ಆದರೆ ಹೇಳುವವರು ‘ಸುಣ್ಣ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ’ ಎಂದು ಒಂದು ಮಾತು ಸೇರಿಸಿದರೆ ಎಳೆಯ ಗೊನೆ ಸುಟ್ಟೀತು. ಹೊಳೆಯುವ ಚಾಕುವಿನ ಅಲಗನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ, ಕೆಂಪು ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಬೇಕೆಂಬ ಪರೀಕ್ಷೆಯನ್ನು ಹಿರಿಯರು ತಪ್ಪದೆ ಮಾಡುತ್ತಿದ್ದರು. ಅಚ್ಚಿಗೆ ಹೋಗುವ ಪ್ರತಿ ಸಲಹೆಗೂ ಇಂತಹ ಒಂದು ಚಾಕು ಪರೀಕ್ಷೆ ಬೇಕು. ಔಷಧಿ, ಪ್ರಮಾಣ, ಹೊಡೆಯುವ ಕಾಲ ಇವುಗಳ ಬಗ್ಗೆ ಬಂದ ಪತ್ರವನ್ನು ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರದವರಿಗೋ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರಿಗೋ ತೋರಿಸದೆ ಹಾಕುವುದು ಸದಸ್ಯರಿಗೆ ಮಾಡುವ ಅನ್ಯಾಯ.

ಆದರೆ ಪರೀಕ್ಷೆಯ ನೆಪದಲ್ಲಿ ಅಹಿತವಾದ ಮಾತನ್ನು ತಡೆಯುವುದೂ ಅಷ್ಟೇ ಅಪಾಯ. ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದ ಕಥೆ ನಮ್ಮವರಿಗೆ ತಿಳಿದೇ ಇದೆ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಕಾಲದಲ್ಲಿ, ಕರುಗಳು ಸೊಟ್ಟ ಕಾಲಿನಿಂದ ಹುಟ್ಟುತ್ತಿರುವ ಸಂಗತಿಯನ್ನು ಕೃಷಿಕ ಪತ್ರಕರ್ತ ಶ್ರೀಪಡ್ರೆಯವರು 1980ರ ದಶಕದ ಆರಂಭದಲ್ಲಿಯೇ ಬರೆದರು. ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳ ಸ್ಥಿತಿ ಕಂಡು ಎಚ್ಚರಿಸಿದರು. ಸಿಂಪಡಣೆ ನಿಂತದ್ದು 2000ದ ಕೊನೆಯಲ್ಲಿ; ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆದದ್ದು 2011ರ ಮೇ 13ರಂದು. ನಡುವೆ ಕಳೆದದ್ದು ಇಪ್ಪತ್ತು, ಮೂವತ್ತು ವರ್ಷ. ಒಬ್ಬನ ಕಣ್ಣಿಗೆ ಬಿದ್ದದ್ದನ್ನು ‘ನಿಮ್ಮಲ್ಲೂ ಹೀಗಿದೆಯೇ?’ ಎಂದು ಹತ್ತು ಊರಿಗೆ ಕೇಳುವ ಗಟ್ಟಿ ಕಟ್ಟೆ ಆಗಲೇ ಇದ್ದಿದ್ದರೆ ಎಂದು ಮನಸ್ಸು ಕೇಳುತ್ತದೆ. ಪರೀಕ್ಷೆಯೆಂದರೆ ಬಾಯಿ ಮುಚ್ಚಿಸುವುದಲ್ಲ, ಹೋಗಿ ನೋಡಿ ಬರುವುದು.

ಉತ್ತರವಿಲ್ಲದ ಪ್ರಶ್ನೆ

ಮೂರು ಸಲ ಪತ್ರ ಬರೆದು ಉತ್ತರ ಕಾಣದವನು ನಾಲ್ಕನೆಯ ಸಲ ಬರೆಯುವುದಿಲ್ಲ. ಈ ಸತ್ಯವನ್ನು ಹಿಂದಿನವರು ಚೆನ್ನಾಗಿ ಅರಿತಿದ್ದರು.

ಕೆನಡಾ ದೇಶದಲ್ಲಿ 1941ರಿಂದ 1965ರವರೆಗೆ ರೈತರ ರೇಡಿಯೋ ಕೂಟಗಳು ನಡೆದವು. ನೆರೆಹೊರೆಯವರು ಒಂದು ಮನೆಯಲ್ಲಿ ಸೇರಿ ಕಾರ್ಯಕ್ರಮ ಕೇಳುವುದು, ಚರ್ಚಿಸುವುದು, ಅಭಿಪ್ರಾಯವನ್ನು ಬರೆದು ಕಳಿಸುವುದು. ಹಾಗೆ ಬಂದ ಅಭಿಪ್ರಾಯಗಳ ಸಾರಾಂಶವನ್ನು ರೇಡಿಯೋದಲ್ಲಿಯೇ ಮರಳಿ ಹೇಳುತ್ತಿದ್ದರು. ತಾನು ಹೇಳಿದ್ದು ಕೇಳಿಸಿತು ಎಂಬ ತೃಪ್ತಿ ಆ ಕೂಟಗಳ ಜೀವಾಳ. ಇದೇ ಮಾದರಿಯನ್ನು 1956ರಲ್ಲಿ ಆಕಾಶವಾಣಿ ಯುನೆಸ್ಕೋ ನೆರವಿನಿಂದ ಪುಣೆಯ ಸುತ್ತಿನ 5 ಜಿಲ್ಲೆಗಳ 150 ಹಳ್ಳಿಗಳಲ್ಲಿ ಪ್ರಯೋಗಿಸಿತು. ವಾರಕ್ಕೆರಡರಂತೆ ಹತ್ತು ವಾರ, ಇಪ್ಪತ್ತು ಕಾರ್ಯಕ್ರಮ. ಪ್ರತಿ ಹಳ್ಳಿಯ ಕೂಟಕ್ಕೂ ಒಬ್ಬ ಸಂಚಾಲಕ. ಪ್ರಯೋಗ ಯಶಸ್ವಿಯಾಯಿತೆಂದು 1959ರಿಂದ ದೇಶದ ಇತರ ಭಾಗಗಳಿಗೂ ವಿಸ್ತರಿಸಿದರು. ಕಾಲಾಂತರದಲ್ಲಿ ಆ ಕೂಟಗಳು ಅಳಿದುಹೋದವು. ಹತ್ತು ವಾರ ಉತ್ಸಾಹದಿಂದ ನಡೆಸುವುದು ಒಂದು, ಹತ್ತು ವರ್ಷ ನಡೆಸುವುದು ಇನ್ನೊಂದು.

ನಡೆಸುವವರ ದಣಿವು

ಇದೇ ಕೊನೆಯ ತೊಡಕು. ಯಂತ್ರ ಕೊಳ್ಳಲು ದೇಣಿಗೆ ಸಿಗುತ್ತದೆ, ಉದ್ಘಾಟನೆಗೆ ಜನ ಸಿಗುತ್ತಾರೆ. ಪ್ರತಿದಿನ ಬಾಗಿಲು ತೆಗೆಯುವವರು ಸಿಗುವುದು ಕಷ್ಟ. ಹಳ್ಳಿಯ ತರುಣ ತರುಣಿಯರಿಗೆ ಕೆಲಸ ಕಲಿಸಿದ ಮೇಲೆ ಅವರು ಮದುವೆಯಾಗಿಯೋ ನೌಕರಿ ಹಿಡಿದೋ ಹೊರಡುತ್ತಾರೆ. ಹೊರಗಿನ ಸಹಾಯಕ್ಕೆ ಒಂದು ಅವಧಿಯಿರುತ್ತದೆ. 2006ರ ಸಮುದಾಯ ರೇಡಿಯೋ ನೀತಿಯಲ್ಲಿ ಕಾರ್ಯಕ್ರಮದ ಅರ್ಧದಷ್ಟಾದರೂ ಸ್ಥಳೀಯರಿಂದಲೇ ತಯಾರಾಗಬೇಕು, ಬಿತ್ತರಿಸಿದ್ದನ್ನು ಮೂರು ತಿಂಗಳು ಕಾದಿರಿಸಬೇಕು ಎಂಬ ನಿಯಮಗಳಿದ್ದವು. ನಿಯಮಗಳು ಒಳ್ಳೆಯವೇ. ಅದನ್ನು ಮಾಡಲು ಕೈ ಬೇಕಲ್ಲ!

ಈ ದಣಿವನ್ನು ಗೆದ್ದ ಉದಾಹರಣೆ ನಮ್ಮ ಅಡಿಕೆ ನಾಡಿನಲ್ಲಿಯೇ ಇದೆ. ಪುತ್ತೂರಿನಲ್ಲಿ 1988ರಲ್ಲಿ ಶ್ರೀಪಡ್ರೆಯವರೂ ಅವರ ಜೊತೆಗಾರರೂ ಆರಂಭಿಸಿದ ‘ಅಡಿಕೆ ಪತ್ರಿಕೆ’ ‘ಕೃಷಿಕರ ಕೈಗೆ ಲೇಖನಿ’ ಎಂಬ ಧ್ಯೇಯ ಇಟ್ಟುಕೊಂಡಿತು. ಬರೆಯಬಲ್ಲ ಕೃಷಿಕರು ಹುಟ್ಟಿಬರುತ್ತಾರೆಂದು ಕಾಯದೆ, ಶಿಬಿರಗಳನ್ನು ನಡೆಸಿ ತಯಾರು ಮಾಡಿತು. ಒಬ್ಬ ದಣಿದರೆ ಇನ್ನೊಬ್ಬ ಹಿಡಿಯುವಂತೆ ಬಹಳ ಕೈಗಳಿಗೆ ಲೇಖನಿ ಹಂಚಿದ್ದೇ ಅದರ ಗುಟ್ಟು. ಸಹಕಾರವೆಂದರೆ ಇದೇ ಅಲ್ಲವೆ? 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದಾಗ ಬೆಳೆಗಾರರು ಕೂಡಿ ಯೋಚಿಸಿದ್ದರಿಂದಲೇ 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕ್ಯಾಂಪ್ಕೊ ಹುಟ್ಟಿತು. ಮಾತಿಗೆ ನೆಲೆಯಿದ್ದಲ್ಲಿ ಮಾರುಕಟ್ಟೆಗೂ ನೆಲೆಯಾಯಿತು.

ನಮ್ಮ ಸಂಘದಲ್ಲಿ ಏನು ಮಾಡಬಹುದು?

ಮೇಲಿನ ಅನುಭವಗಳಿಂದ ‘ಸದಸ್ಯರ ಪುಟ’ಕ್ಕೆ ಕೆಲವು ಕಟ್ಟುಪಾಡುಗಳನ್ನು ಸೂಚಿಸುತ್ತಿದ್ದೇವೆ.

1. ಪತ್ರದಲ್ಲಿ ಹೆಸರು, ಊರು, ತೋಟದ ವಿಸ್ತೀರ್ಣ, ಮರಗಿಡಗಳ ವಯಸ್ಸು ಇರಲಿ. ಸ್ವತಃ ಮಾಡಿ ನೋಡಿದ್ದನ್ನೂ ಬೇರೆಯವರಿಂದ ಕೇಳಿದ್ದನ್ನೂ ಬೇರೆಬೇರೆಯಾಗಿ ತಿಳಿಸಬೇಕು. ಸೋತ ಪ್ರಯೋಗವನ್ನೂ ಬರೆಯಬೇಕು. ಗೆದ್ದದ್ದಕ್ಕಿಂತ ಅದರ ಬೆಲೆ ಹೆಚ್ಚು.

2. ಔಷಧಿ ಮತ್ತು ಪ್ರಮಾಣದ ಸಲಹೆಗಳನ್ನು ತಜ್ಞರು ನೋಡಿದ ಮೇಲೆಯೇ ಪ್ರಕಟಿಸಬೇಕು. ಧಾರಣೆಯನ್ನು ಬರೆಯುವಾಗ ಮಾರುಕಟ್ಟೆಯ ಹೆಸರು, ದಿನಾಂಕ, ಮಾಲಿನ ದರ್ಜೆ ಮೂರೂ ಇರಬೇಕು. ಮೂರರಲ್ಲಿ ಒಂದಿಲ್ಲದಿದ್ದರೂ ಅದು ಅಂತೆಕಂತೆ.

3. ಬಂದ ಪ್ರಶ್ನೆಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಸಿಗಬೇಕು. ಉತ್ತರ ಸಿದ್ಧವಿಲ್ಲದಿದ್ದರೆ ಯಾರನ್ನು ಕೇಳಿದ್ದೇವೆಂದಾದರೂ ತಿಳಿಸಬೇಕು.

4. ಬರೆಯಲಾಗದವರ ಮಾತನ್ನು ಬರೆದುಕೊಳ್ಳಲು ಪ್ರತಿ ಊರಿಗೂ ಇಬ್ಬರು ಬೇಕು, ಅವರಲ್ಲಿ ಒಬ್ಬರು ಹೆಂಗಸರಾಗಿರಬೇಕು. ಒಬ್ಬರೇ ಆದರೆ ಅವರಿಗೆ ಜ್ವರ ಬಂದ ತಿಂಗಳು ಊರಿಗೇ ಮೌನ.

5. ಒಂದೇ ಸದಸ್ಯರ ಪತ್ರ ಸಾಲಾಗಿ ಎರಡು ಸಂಚಿಕೆಗಳಲ್ಲಿ ಬರಬಾರದು. ವಾದವನ್ನು ವಿಷಯದ ಮೇಲೆ ಮಾಡಬಹುದು, ಮನೆತನದ ಮೇಲಲ್ಲ. ಮಾರಾಟದ ಪ್ರಚಾರಕ್ಕೆ ಜಾಹೀರಾತಿನ ಪುಟವಿದೆ.

6. ಸಂಘದ ತೂಕ, ತೇವಾಂಶದ ಕಡಿತ, ಹಣ ಪಾವತಿಯ ವಿಳಂಬ ಮುಂತಾದವುಗಳ ಮೇಲೆ ಸದಸ್ಯರು ದೂರಿದರೆ ಅದನ್ನು ವ್ಯವಸ್ಥಾಪಕರ ಉತ್ತರದೊಂದಿಗೆ ಒಂದೇ ಪುಟದಲ್ಲಿ ಪ್ರಕಟಿಸಬೇಕು. ಬೂದಿಕೋಟೆಯ ಕೊಳವೆಯ ಪಾಠ ಇದು.

ಆರನೆಯ ಸೂಚನೆಯನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಸಂಘದ ಹಣದಲ್ಲಿ ಅಚ್ಚಾಗುವ ಪತ್ರಿಕೆಯಲ್ಲಿ ಸಂಘದ ಮೇಲೆ ದೂರೇ ಎಂದು ಕೇಳಬಹುದು. ಸಂಘದ ಹಣವೆಂದರೆ ಸದಸ್ಯರ ಹಣ. ತನ್ನ ಕಟ್ಟೆಯ ಮೇಲೆ ಹೇಳಲು ಬಿಡದ ಮಾತನ್ನು ಸದಸ್ಯ ಖಾಸಗಿ ಮಂಡಿಯವನ ಅಂಗಡಿಯಲ್ಲಿ ಹೇಳುತ್ತಾನೆ. ಮಾತಿನ ಹಿಂದೆಯೇ ಮಾಲೂ ಅಲ್ಲಿಗೆ ಹೋಗುತ್ತದೆ. ಸಹಕಾರಿ ಸಂಘ ನಿಂತಿರುವುದು ಸದಸ್ಯನ ನಂಬಿಕೆಯ ಮೇಲೆ, ಅದು ಹೋದರೆ ಗೋದಾಮು ಎಷ್ಟು ದೊಡ್ಡದಿದ್ದರೇನು?

ಈ ಕಟ್ಟುಪಾಡುಗಳನ್ನು ಬರುವ ಸಾಮಾನ್ಯ ಸಭೆಯ ಮುಂದೆ ಇಡಲಿದ್ದೇವೆ. ಸದಸ್ಯ ಬಂಧುಗಳು ಸೇರಿಸಬೇಕಾದದ್ದನ್ನು ಸೇರಿಸಿ, ತೆಗೆಯಬೇಕಾದದ್ದನ್ನು ತೆಗೆದು, ತಮ್ಮ ತಮ್ಮ ಊರಿನಿಂದ ಬರೆದುಕೊಳ್ಳುವವರ ಹೆಸರನ್ನು ಸಭೆಗೆ ಮುಂಚಿತವಾಗಿಯೇ ಕಾರ್ಯದರ್ಶಿಗಳಿಗೆ ತಿಳಿಸಬೇಕಾಗಿ ವಿನಂತಿ. ಈ ಮಳೆಗಾಲದಲ್ಲಿ ತಮ್ಮ ತೋಟದಲ್ಲಿ ಎಲೆಚುಕ್ಕಿ ಕಂಡವರು, ಯಾವ ತಿಂಗಳು ಮೊದಲು ಕಂಡಿತು, ಎಷ್ಟು ಮರಕ್ಕೆ ಹಬ್ಬಿತು, ಏನು ಹೊಡೆದರು, ಏನಾಯಿತು ಎಂಬ ನಾಲ್ಕು ಸಾಲುಗಳನ್ನು ಇಂದೇ ಬರೆದು ಕಳಿಸಲಿ. ಬರೆಯಲಾಗದವರು ತೂಕದ ಕಟ್ಟೆಯ ಗುಮಾಸ್ತರ ಬಳಿ ಹೇಳಿದರೂ ಸಾಕು.